ಹಿಮ್ಮಡಿ ಏಳದ ಹಾಗೆ

ಲಂಡನ್ನಿನ ಸಟನ್ ಸ್ಟೇಷನ್ನಿನ ಪಕ್ಕದಲ್ಲಿ ಶೂ ರಿಪೇರಿ ಮಾಡುವ, ಬೀಗದ ಕೈ ಕೊರೆದುಕೊಡುವ ಒಂದು ಗೂಡಂಗಡಿ ಇದೆ. ಕಳೆದ ತಿಂಗಳು ಕೆಲಸಕ್ಕೆ ಹಾಕುವ ಶೂಗಳ ಹಿಮ್ಮಡಿ ಸವೆದಿತ್ತೆಂದು ಅಲ್ಲಿ ನಿಂತಿದ್ದೆ. ಹೊರಗೆ ಸಣ್ಣ ಮಳೆ. ಒಳಗಿದ್ದವನು ರಬ್ಬರಿನ ತುಂಡೊಂದಕ್ಕೆ ಹಳದಿ ಅಂಟು ಬಳಿದು, ಅದು ಸ್ವಲ್ಪ ಒಣಗಲೆಂದು ಪಕ್ಕಕ್ಕಿಟ್ಟು ಇನ್ನೊಬ್ಬರ ಬೀಗದ ಕೈ ಕೊರೆಯತೊಡಗಿದ. ಆ ಅಂಟಿನ ವಾಸನೆ ಮೂಗಿಗೆ ತಾಗಿತು. ತಲೆಯೊಳಗೆ ಸ್ವಲ್ಪ ಹತ್ತಿಕೊಳ್ಳುವಂಥ, ಪೆಟ್ರೋಲಿನಂಥ ವಾಸನೆ. ನನ್ನ ರೈಲು ಬಂದು ಹೋದದ್ದು ಆಮೇಲೆ ಗೊತ್ತಾಯಿತು. ಅಷ್ಟು ಹೊತ್ತು ನಾನು ವೆಂಬ್ಲಿಯ ಮೂರನೇ ಮಹಡಿಯ ಒಂದು ಹಾಲ್‌ನಲ್ಲಿ, ಹಳದಿ ಹೂವಿನ ಹಳೆಯ ಬೆಡ್‌ಶೀಟಿನ ಮೇಲೆ, ಒಂದು ಸೈಜು ದೊಡ್ಡದಾದ ಬೂಟು ಹಾಕಿಕೊಂಡು ನಿಂತಿದ್ದೆ.

ಅದು ಲಂಡನ್ನಿನಲ್ಲಿ ನನ್ನ ಮೊದಲ ಚಳಿಗಾಲ. ಮೈಸೂರಿನಲ್ಲಿ ಓದು ಮುಗಿಸಿ, ಈ ದೇಶದ ಇನ್ನೊಂದು ಊರಿನಲ್ಲಿ ಎರಡನೇ ಪದವಿ ಪಡೆದು, ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ವೆಂಬ್ಲಿಯಲ್ಲಿ ಕುಂದಾಪುರದ ದಂಪತಿಯ ಫ್ಲಾಟಿನ ಒಂದು ಕೋಣೆಯಲ್ಲಿದ್ದೆ. ಜಲಜಕ್ಕ ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುತ್ತಿದ್ದರು. ಈಲಿಂಗ್ ರೋಡಿನ ಅಂಗಡಿಗಳಲ್ಲಿ ಸೀರೆ ಕೊಂಡ ಹೆಂಗಸರು ನೇರ ಅವರಲ್ಲಿಗೆ ಬರುತ್ತಿದ್ದರು. ಗುಜರಾತಿಗಳು, ತಮಿಳರು, ಮೈಸೂರಿನ ಡಾಕ್ಟರರ ಹೆಂಡತಿಯರು, ಎಲ್ಲರೂ. ಎಲ್ಲರೊಡನೆ ಮಾತಾಡಿ ಜಲಜಕ್ಕನ ಕನ್ನಡ ಬೆಂಗಳೂರಿನ ಕಡೆಗೆ ಅರ್ಧ ಜರುಗಿತ್ತು. ಆದರೆ ಸಿಟ್ಟು ಬಂದಾಗ, ಪ್ರೀತಿ ಉಕ್ಕಿದಾಗ, ಬಾಯಲ್ಲಿ ಪಿನ್ನು ಕಚ್ಚಿಕೊಂಡಾಗ ಮಾತು ಕುಂದಾಪುರಕ್ಕೇ ವಾಪಸಾಗುತ್ತಿತ್ತು. ಅವರ ಗಂಡ ರಘುರಾಮಣ್ಣ ಪಾರ್ಕ್ ರಾಯಲ್‌ನಲ್ಲಿ ದೋಸೆಹಿಟ್ಟು ಪ್ಯಾಕ್ ಮಾಡುವ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್.

ಆ ಮನೆಗೆ ಒಂದು ಗಡಿ ಇತ್ತು. ಕಾರಿಡಾರಿನಲ್ಲಿ ಏನೂ ಇಡಬಾರದೆಂದು ಬಿಲ್ಡಿಂಗಿನವರು ಪದೇ ಪದೇ ಕಾಗದ ಹಾಕುತ್ತಿದ್ದುದರಿಂದ ಚಪ್ಪಲಿ ಸ್ಟ್ಯಾಂಡು ಬಾಗಿಲಿನ ಒಳಗೇ ಇತ್ತು. ಆದರೆ ಬಾಗಿಲಿನಿಂದ ಎರಡಡಿ ಮಾತ್ರ. ಅಲ್ಲಿ ಕಾರ್ಪೆಟ್ ಶುರುವಾಗುವ ಕಡೆ ನೆಲಕ್ಕೆ ಬಡಿದ ಒಂದು ಹಿತ್ತಾಳೆ ಪಟ್ಟಿ. ಪಟ್ಟಿ ದಾಟಿ ಯಾರ ಶೂ ಕೂಡ ಒಳಗೆ ಬರುವಂತಿರಲಿಲ್ಲ. ಬಾಯ್ಲರ್ ನೋಡಲು ಬಂದ ಕೌನ್ಸಿಲ್ಲಿನವನಿಗೂ ಶೂ ಬಿಚ್ಚಿಸಿದ್ದರಂತೆ. ಹಾಲ್‌ನಲ್ಲಿ ಒಂದು ಕಡೆ ಹೊಲಿಗೆಯಂತ್ರ, ಅದರ ಮೇಲಿನ ಹಲಗೆಯ ಮೇಲೆ ದೇವರು. ನನಗೆ ಇದು ವಿಚಿತ್ರವೆನಿಸಲಿಲ್ಲ. ನಮ್ಮ ಮನೆಯಲ್ಲೂ ಹಾಗೇ. ಶೂ ಹಾಕಿಕೊಂಡು ಮನೆಯೊಳಗೆ ನಡೆಯುವುದೆಂದರೆ ನನಗೆ ಛತ್ರಿ ಬಿಡಿಸಿಕೊಂಡು ಮಲಗಿದ ಹಾಗೆ.

ಸೆಪ್ಟೆಂಬರಿನಲ್ಲಿ ಲ್ಯಾಬಿನವರೆಲ್ಲ ಸೇರಿ ಒಂದು ಸಂಜೆ ಪಾರ್ಕ್ ರಾಯಲ್‌ಗೆ ಹೋಗಿದ್ದೆವು. ಹಿಂದೆ ಮೀನು ಇಡುತ್ತಿದ್ದ ಒಂದು ಕೋಲ್ಡ್ ಸ್ಟೋರೇಜನ್ನು ಯಾರೋ ಕೊಂಡು, ಒಳಗೆ ಎರಡು ಮಹಡಿ ಎತ್ತರಕ್ಕೆ ಹಿಮದ ಗೋಡೆ ಕಟ್ಟಿದ್ದರು. ಬೂಟಿಗೆ ಕ್ರ್ಯಾಂಪನ್ ಎಂಬ ಉಕ್ಕಿನ ಹಲ್ಲುಗಳನ್ನು ಕಟ್ಟಿಕೊಂಡು, ಎರಡು ಕೈಗೂ ಒಂದೊಂದು ಸಣ್ಣ ಕೊಡಲಿ ಹಿಡಿದು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹತ್ತುವುದು. ಜೊತೆಯವರು ನಕ್ಕರು, ಫೋಟೋ ತೆಗೆದುಕೊಂಡರು, ಮತ್ತೆ ಯಾರೂ ಆ ಕಡೆ ಹೋಗಲಿಲ್ಲ. ನಾನು ಮುಂದಿನ ಶನಿವಾರ ಹೋದೆ. ಅದರ ಮುಂದಿನ ಶನಿವಾರವೂ.

ಯಾಕೆಂದು ಆಗ ಯಾರಿಗೂ ಹೇಳಲಿಲ್ಲ. ಲ್ಯಾಬಿನಲ್ಲಿ ನನ್ನ ಮೊದಲ ಮೂರು ತಿಂಗಳ ವರದಿಯಲ್ಲಿ ಮೇಲಿನವರು ಬರೆದಿದ್ದರು: ಕೆಲಸ ಕರಾರುವಾಕ್ಕು, ಆದರೆ ಹಿಂಜರಿಕೆ ಹೆಚ್ಚು, ಅನುಮಾನ ಬಂದಾಗ ಕೇಳುವುದಿಲ್ಲ. ಅದು ನಿಜ. ಟ್ಯೂಬಿನಲ್ಲಿ, ಕ್ಯಾಂಟೀನಿನಲ್ಲಿ, ಫೋನಿನಲ್ಲಿ, ಎಲ್ಲ ಕಡೆ ನಾನು ಮೊದಲು ವಾಕ್ಯವನ್ನು ತಲೆಯಲ್ಲಿ ತಿದ್ದಿ ಆಮೇಲೆ ಹೇಳುತ್ತಿದ್ದೆ. ಅಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತಿತ್ತು. ಹಿಮದ ಗೋಡೆಯ ಮೇಲೆ ಮಾತ್ರ ತಿದ್ದುವುದೇನೂ ಇರಲಿಲ್ಲ. ಕಾಲನ್ನು ಹಿಂದಕ್ಕೆ ತೂಗಿ ಒದೆಯಬೇಕು, ಮುಂದಿನ ಎರಡು ಹಲ್ಲು ಹಿಮದಲ್ಲಿ ಕಚ್ಚಬೇಕು, ಅದರ ಮೇಲೆ ಎದ್ದು ನಿಲ್ಲಬೇಕು. ಕಚ್ಚಿತೋ ಇಲ್ಲವೋ ಎಂಬುದು ಆ ಕ್ಷಣಕ್ಕೇ ಗೊತ್ತಾಗುತ್ತದೆ. ಈ ಊರಿನಲ್ಲಿ ನನ್ನ ಕಾಲಿನ ಮೇಲೆ ನನಗೆ ನಂಬಿಕೆ ಇದ್ದದ್ದು ಅದೊಂದೇ ಜಾಗದಲ್ಲಿ.

ಅಲ್ಲಿ ಕಲಿಸುತ್ತಿದ್ದವರು ಮೋರಾಗ್ ಎಂಬ ಸ್ಕಾಟ್ಲೆಂಡಿನ ಹೆಂಗಸು. ಅರವತ್ತರ ಹತ್ತಿರ ವಯಸ್ಸು, ಬಿಳಿ ಕೂದಲಿನ ಗಿಡ್ಡ ಜಡೆ, ನನಗಿಂತಲೂ ಕಡಿಮೆ ಮಾತು. ಅವರು ದಿನಕ್ಕೆ ನೂರು ಸಲ ಹೇಳುತ್ತಿದ್ದುದು ಒಂದೇ: "ಹೀಲ್ಸ್ ಡೌನ್." ಹಿಮ್ಮಡಿ ಕೆಳಗಿರಲಿ. ಹಿಮ್ಮಡಿ ಎತ್ತಿದರೆ ಮುಂದಿನ ಹಲ್ಲು ಹಿಮದಿಂದ ಕಿತ್ತು ಬರುತ್ತದೆ. ಪ್ರತಿ ಫೆಬ್ರವರಿಯಲ್ಲಿ ಅವರು ಐದಾರು ಜನರನ್ನು ಸ್ಕಾಟ್ಲೆಂಡಿಗೆ, ನಿಜವಾದ ಬೆಟ್ಟದ ನಿಜವಾದ ಹಿಮಕ್ಕೆ ಕರೆದೊಯ್ಯುತ್ತಿದ್ದರು. ಅಕ್ಟೋಬರಿನಲ್ಲಿ ನನ್ನನ್ನು ಒಮ್ಮೆ ನೋಡಿ, "ನೀನು ಬರುತ್ತೀಯ?" ಎಂದರು. ನಾನು ತಿದ್ದದೆ, ಯೋಚಿಸದೆ, "ಬರುತ್ತೇನೆ" ಎಂದುಬಿಟ್ಟೆ. ಲಂಡನ್ನಿಗೆ ಬಂದ ಮೇಲೆ ನಾನು ಅಷ್ಟು ಬೇಗ ಕೊಟ್ಟ ಉತ್ತರ ಅದೊಂದೇ.

ಗೋಡೆಯ ಬಾಡಿಗೆ ಬೂಟುಗಳು ಆ ಕಟ್ಟಡದಿಂದ ಹೊರಗೆ ಹೋಗುವಂತಿರಲಿಲ್ಲ. ಹಾಗಾಗಿ ನನ್ನದೇ ಬೂಟು ಕೊಂಡೆ. ತಪ್ಪು ಮಾಡಿದ್ದು ಅಲ್ಲಿ. ಅಂಗಡಿಯಲ್ಲಿ ಸರಿಯಾದ ಸೈಜು ಕೊಟ್ಟಿದ್ದರು. ನಾನೇ ಒಂದು ಸೈಜು ದೊಡ್ಡದು ಕೇಳಿದೆ. ಪ್ರತಿ ಜೂನಿನಲ್ಲಿ ಸ್ಕೂಲ್ ಶೂ ಕೊಳ್ಳುವಾಗ ಅಪ್ಪ ಹೆಬ್ಬೆರಳಿನ ಮುಂದೆ ಒತ್ತಿ ನೋಡಿ, ಜಾಗ ಸಾಲದು, ಇನ್ನೊಂದು ಸೈಜು ಕೊಡಿ ಎನ್ನುತ್ತಿದ್ದ ಅಭ್ಯಾಸ ನನ್ನ ಕಾಲಿನೊಳಗೇ ಕೂತಿತ್ತೇನೋ. ಚಳಿ ದೇಶ, ದಪ್ಪ ಕಾಲುಚೀಲ, ಜಾಗ ಇರಲಿ ಎಂದುಕೊಂಡೆ. ಡಬ್ಬಿಯೊಳಗೆ ಒಂದು ಚೀಟಿ ಇತ್ತು: ಎರಡು ಮೂರು ಸಂಜೆ ಮನೆಯೊಳಗೆ ಹಾಕಿಕೊಂಡು ಓಡಾಡಿ ನೋಡಿ, ಸರಿಬರದಿದ್ದರೆ ಬದಲಾಯಿಸಿ ಕೊಡುತ್ತೇವೆ, ಹೊರಗೆ ಹಾಕಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ನಾನು ಯಾವ ಚೀಟಿಯನ್ನೂ ಎರಡು ಸಲ ಓದುವವಳು. ಇದನ್ನೂ ಓದಿದೆ. ಓದಿ, ಅದು ಬೇರೆ ಯಾರಿಗೋ ಬರೆದದ್ದು ಎನ್ನುವ ಹಾಗೆ ಮಡಿಸಿಟ್ಟೆ.

ಆ ವಾರವೇ ಆಯುಧಪೂಜೆ. ಜಲಜಕ್ಕ ಹೊಲಿಗೆಯಂತ್ರ ಒರೆಸಿ, ಕತ್ತರಿ, ಟೇಪು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ದೇವರ ಕೆಳಗೆ ಜೋಡಿಸುತ್ತಿದ್ದರು.

"ಜಲಜಾ, ಈ ಹೆಣ್ಣಿನ ಕೋಣೆಯಂಗೆ ಎರಡ್ ಕೊಡ್ಲಿ ಇತ್ತ್ ಮಾರಾಯ್ತಿ," ಎಂದರು ರಘುರಾಮಣ್ಣ. "ಆಯುಧ ಅಂದ್ರೆ ಅದೇ ಅಲ್ದಾ? ನಿನ್ ಕತ್ರಿ ಎಂತ ಆಯುಧ?"

ಮೋರಾಗ್ ಅಭ್ಯಾಸಕ್ಕೆಂದು ಕೊಟ್ಟಿದ್ದ ಹಳೆಯ ಹಿಮಗೊಡಲಿಗಳು ಅವು. ಅವಕ್ಕೂ ಕುಂಕುಮ ಬಿತ್ತು, ಸೇವಂತಿಗೆ ಬಿತ್ತು. ನಾನು ತಮಾಷೆಗೆ, "ಬೂಟೂ ತರಲಾ ಜಲಜಕ್ಕ?" ಎಂದೆ.

"ಬೂಟಾ? ಕಾಲಿಗ್ ಹಾಕುದನ್ನ ದೇವ್ರ ಎದ್ರಿಗಾ? ಅದ್ ಪಟ್ಟಿಯಾಚೆಯೇ ಇರ್ಲಿ."

ಬೂಟು ಪಟ್ಟಿಯಾಚೆಯೇ ಉಳಿಯಿತು. ಕೋಣೆಯ ಬಾಗಿಲು ಹಾಕಿಕೊಂಡು ಹಾಕಿ ನೋಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನನ್ನಿಂದ ಆಗಲಿಲ್ಲ. ಬದಲಿಗೆ ಬಾಗಿಲಿನಿಂದಲೇ ಹಾಕಿಕೊಂಡು ಬಿಲ್ಡಿಂಗಿನ ಸಿಮೆಂಟಿನ ಮೆಟ್ಟಿಲುಗಳಲ್ಲಿ ಇಳಿದೆ, ಹತ್ತಿದೆ, ಕಸದ ಡಬ್ಬಿಗಳವರೆಗೆ ಹೋಗಿ ಬಂದೆ. ಹಿಮ್ಮಡಿ ಬೂಟಿನೊಳಗೆ ಮೇಲೆ ಕೆಳಗೆ ಆಡುತ್ತಿದೆ ಎಂದು ಮೂರನೇ ದಿನ ಖಾತ್ರಿಯಾಯಿತು. ಅಂಗಡಿಗೆ ಒಯ್ದಾಗ ಅಲ್ಲಿನ ಹುಡುಗಿ ಬೂಟು ತಿರುಗಿಸಿ ಸೋಲ್ ನೋಡಿದಳು. ಸಿಮೆಂಟು ಅದನ್ನು ಚೆನ್ನಾಗಿ ಉಜ್ಜಿತ್ತು.

"ಸಾರಿ. ಇದನ್ನು ಮನೆಯೊಳಗೇ ಹಾಕಿ ನೋಡಬೇಕಿತ್ತು," ಎಂದಳು ಮೃದುವಾಗಿ.

ಶೂ ಹಾಕಿಕೊಂಡು ನಡೆಯುವ ಮನೆಯೊಳಗು ಎಂಬುದು ನನಗಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು? "ಓಕೆ" ಎಂದು ಹೊರಬಂದೆ. ಇನ್ನೊಂದು ಜೋಡಿ ಕೊಳ್ಳುವುದು ಆ ವರ್ಷ ಆಗುವ ಮಾತಾಗಿರಲಿಲ್ಲ.

ಮುಂದಿನ ಮೂರು ತಿಂಗಳು ಯಾರನ್ನೂ ಕೇಳದೆ ನನಗೆ ತೋಚಿದ್ದನ್ನೆಲ್ಲ ಮಾಡಿದೆ. ಒಂದರ ಮೇಲೊಂದು ಎರಡು ಕಾಲುಚೀಲ, ಆಮೇಲೆ ಮೂರು. ಬೂಟು ತುಂಬಿತು, ಹಿಮ್ಮಡಿ ಏಳುವುದು ನಿಲ್ಲಲಿಲ್ಲ, ಬೆರಳುಗಳಿಗೆ ರಕ್ತ ಹರಿಯದೆ ಜೋಮು ಹಿಡಿಯತೊಡಗಿತು. ಮೆಡಿಕಲ್ ಶಾಪಿನಿಂದ ಜೆಲ್ಲಿನ ಮೆತ್ತೆ ತಂದು ಹಿಮ್ಮಡಿಯ ಅಡಿಗೆ ಇಟ್ಟೆ. ಕಾಲು ಇನ್ನಷ್ಟು ಮೇಲಕ್ಕೇರಿ, ಬೂಟಿನ ಹಿಂಭಾಗದ ಹಿಡಿತ ಇದ್ದಷ್ಟೂ ತಪ್ಪಿತು. ಲೇಸನ್ನು ಕೈ ಕೆಂಪಾಗುವಷ್ಟು ಎಳೆದು ಕಟ್ಟಿದೆ. ಪ್ರತಿ ಒದೆತಕ್ಕೂ ಕಾಲು ಮುಂದೆ ಜಾರಿ ಬೆರಳು ಬೂಟಿನ ಮೂತಿಗೆ ಬಡಿಯುತ್ತಿತ್ತು, ಹಿಮ್ಮಡಿ ಉಜ್ಜಿ ಚರ್ಮ ಸುಲಿಯುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಹಲ್ಲು ಹಿಮದಲ್ಲಿ ಕಚ್ಚಿದೆಯೋ ಇಲ್ಲವೋ ಎಂಬುದು ಈಗ ನನಗೆ ತಿಳಿಯುತ್ತಿರಲಿಲ್ಲ. ಬೂಟು ಒಂದು ಕಡೆ, ನಾನು ಒಂದು ಕಡೆ. ಗೋಡೆಯ ಮೇಲೂ ನಾನು ಹಿಂಜರಿಯತೊಡಗಿದೆ.

ಜನವರಿಯ ಒಂದು ಶನಿವಾರ ಗೋಡೆಯ ಮಧ್ಯದಲ್ಲಿ ಎರಡೂ ಕಾಲು ಒಟ್ಟಿಗೇ ಕಿತ್ತುಕೊಂಡು ಬಂದವು. ಹಗ್ಗ ಹಿಡಿಯಿತು. ಒಂದು ಕೊಡಲಿ ಕೈತಪ್ಪಿ ಕೆಳಗೆ ಬಿದ್ದು, ಮೋರಾಗ್ ನಿಂತಿದ್ದ ಜಾಗದಿಂದ ಒಂದು ಮೊಳ ದೂರದಲ್ಲಿ ನೆಟ್ಟುಕೊಂಡಿತು. ಅವರು ನನ್ನನ್ನು ನಿಧಾನವಾಗಿ ಇಳಿಸಿ, ಬೆಂಚಿನ ಮೇಲೆ ಕೂರಿಸಿ, ಬೂಟಿನ ಲೇಸು ಸಡಿಲಿಸಿ, ಹಿಮ್ಮಡಿಯ ಹಿಂದೆ ಬೆರಳು ತೂರಿಸಿದರು. ಎರಡು ಬೆರಳು ಆರಾಮಾಗಿ ಹೋದವು.

"ಎಷ್ಟು ದಿನದಿಂದ ಹೀಗಿದೆ?"

"ಮೊದಲಿನಿಂದ."

"ಯಾಕೆ ಹೇಳಲಿಲ್ಲ?"

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು. "ಬೆಟ್ಟದಲ್ಲಿ ಒಂದು ಹಗ್ಗಕ್ಕೆ ಇಬ್ಬರು," ಎಂದರು. "ನೀನು ಜಾರಿದರೆ ನೀನೊಬ್ಬಳೇ ಜಾರುವುದಿಲ್ಲ. ಫೆಬ್ರವರಿಯ ಮೊದಲ ಶನಿವಾರ ಈ ಬೂಟಿನಲ್ಲಿ ನಿನ್ನನ್ನು ಮತ್ತೆ ನೋಡುತ್ತೇನೆ. ಹೀಗೇ ಇದ್ದರೆ ಕರೆದೊಯ್ಯುವುದಿಲ್ಲ." ಸ್ಕಾಟ್ಲೆಂಡಿನಲ್ಲೇ ಬಾಡಿಗೆಗೆ ಬೂಟು ಸಿಗುವುದಿಲ್ಲವೇ ಎಂದು ಕೇಳಿದೆ. ಸಿಗುತ್ತದೆ, ಆದರೆ ಕಾಲಿಗೆ ಪರಿಚಯವೇ ಇಲ್ಲದ ಬೂಟಿನಲ್ಲಿ ಯಾರನ್ನೂ ಮೊದಲ ಸಲ ಹೊರಗಿನ ಹಿಮಕ್ಕೆ ಹತ್ತಿಸುವುದಿಲ್ಲ ಎಂದರು. ನನ್ನ ಮುಂದೆ ಮೂರು ವಾರ ಇತ್ತು.

ಮರುದಿನ ಭಾನುವಾರ ಮಧ್ಯಾಹ್ನ ಜಲಜಕ್ಕ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ, ರೇಡಿಯೇಟರಿನ ಮೇಲೆ ಒಣಗಹಾಕಿದ್ದ ನನ್ನ ಕಾಲುಚೀಲ. ಒಗೆದರೂ ಹೋಗದ ಕಂದು ಕಲೆ ಹಿಮ್ಮಡಿಯಲ್ಲಿ.

"ಇದೆಂತ ಹೆಣೆ? ಕಾಲಿಗ್ ಎಂತ ಮಾಡ್ಕಂಡೆ?" ಹುಡುಗಿಯನ್ನು ಅವರ ಕಡೆ ಪ್ರೀತಿಯಿಂದ ಹೆಣೆ ಎಂದು ಕರೆಯುತ್ತಾರೆ.

"ಏನಿಲ್ಲ ಜಲಜಕ್ಕ. ಬೂಟು ಸ್ವಲ್ಪ ಸಡಿಲ."

"ಸಡ್ಲ?" ಅವರು ಕಾಲುಚೀಲವನ್ನು ಬೆಳಕಿಗೆ ಹಿಡಿದರು. "ಊರವ್ರ ಬ್ಲೌಸೆಲ್ಲ ನಾನ್ ಬಿಗಿ ಮಾಡ್ತೆ. ಮನೆಯಂಗೆ ಇಪ್ಪ ಹೆಣ್ಣ್ ಕಾಲ್ ಸುಲ್ಕಂಡ್ ಕೂತಿತ್ತ್, ನಂಗೊಂದ್ ಮಾತ್ ಹೇಳ್ಲಿಕ್ಕೆಂತ?"

ಹೇಳಬಹುದೆಂದು ಹೊಳೆದೇ ಇರಲಿಲ್ಲ ಎಂದರೆ ಅವರು ನಂಬುತ್ತಿದ್ದರೋ ಇಲ್ಲವೋ. ಅವರು ಹೋಗಿ, ಪಟ್ಟಿಯಾಚೆಯಿಂದ ಬೂಟು ಎತ್ತಿಕೊಂಡು ಬಾತ್‌ರೂಮಿಗೆ ನಡೆದರು. ನಲ್ಲಿಯ ಸದ್ದು, ಬ್ರಷ್ಷಿನ ಸದ್ದು. ಸೋಲ್‌ಗಳನ್ನು ಪಾತ್ರೆ ತಿಕ್ಕುವ ಸೋಪು ಹಾಕಿ ತಿಕ್ಕುತ್ತಿದ್ದರು. ಆಮೇಲೆ ಬೀರುವಿನಿಂದ ಹಳದಿ ಹೂವಿನ ಹಳೆಯ ಬೆಡ್‌ಶೀಟು ತೆಗೆದು, ಹಿತ್ತಾಳೆ ಪಟ್ಟಿಯಿಂದ ಹೊಲಿಗೆಯಂತ್ರದವರೆಗೆ ಉದ್ದಕ್ಕೆ ಹಾಸಿದರು.

"ಹಾಕ್ಕೋ. ನಡಿ, ಕಾಂಬ."

ಬೂಟು ಹಾಕಿಕೊಂಡೆ. ಪಟ್ಟಿಯ ಹತ್ತಿರ ಕಾಲು ನಿಂತುಬಿಟ್ಟಿತು. "ಜಲಜಕ್ಕ, ದೇವರಿದೆಯಲ್ಲ."

"ಇದ್ರೆ ಎಂತ? ಕಾಣ್ಲಿ. ತೊಳ್ದಿದ್ದೆ ಅಲ್ದಾ?"

ಸೋಫಾದ ಮೇಲಿದ್ದ ರಘುರಾಮಣ್ಣ ಟಿವಿಯ ಸದ್ದು ಕಡಿಮೆ ಮಾಡಿದರು. "ಹ್ವಾಯ್, ಇದ್ ನ್ಯಾಯವಾ? ಇಪ್ಪತ್ ವರ್ಷದಲ್ಲಿ ಒಂದೇ ಒಂದ್ ಸಲ, ಮೊಬೈಲ್ ಮರ್ತೋಯ್ತ್ ಅಂತ ಶೂ ಹಾಕಂಡ್ ಎರಡ್ ಹೆಜ್ಜೆ ಒಳ್ಗ್ ಬಂದದ್ದಕ್ಕೆ ನಂಗೆ ಆ ದಿನ ಊಟ ಇಲ್ಲೆ. ಇವ್ಳಿಗೆ ನೋಡು, ಕಾರ್ಪೆಟ್ ಮೇಲೊಂದ್ ಕಾರ್ಪೆಟ್!"

"ನೀವ್ ಸುಮ್ನಿರಿ. ನೀವು ಗೋಡೆ ಹತ್ತುವವ್ರಾ?"

"ನಾವೆಲ್ಲ ಫ್ಯಾಕ್ಟರಿ ಫ್ರೀಜರಿಂದ ಯಾವಾಗ ಹೊರ್ಗ್ ಬಪ್ಪುದ್ ಅಂತ ಕಾಯುವವ್ರಪ್ಪ. ಅದೇ ಫ್ರೀಜರ್ ಒಳ್ಗ್ ಹೋಪ್ಕೆ ಟಿಕೆಟ್ ತಕಂಬ ಜನ ಇದ್ದಾರೆ ಅಂತ ಇವ್ಳನ್ನ್ ಕಂಡ್ ಮೇಲೇ ಗೊತ್ತಾದ್ದ್."

ನಾನು ನಕ್ಕೆ. ನಗುತ್ತಲೇ ಪಟ್ಟಿ ದಾಟಿದ್ದೆ.

ಜಲಜಕ್ಕ ನೆಲದ ಮೇಲೆ ಒಂದು ಕಾಲು ಚಾಚಿ ಕೂತು ನನ್ನ ಹಿಮ್ಮಡಿಯನ್ನೇ ನೋಡುತ್ತಿದ್ದರು. ಅವರ ಎಡ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಆಮೇಲೆ ಬೂಟು ಬಿಚ್ಚಿಸಿ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸನ್ನು ಪುಡಿಮಾಡಿ, ಬೂಟಿನೊಳಗೆ ಹಿಮ್ಮಡಿ ಕೂರುವ ಜಾಗಕ್ಕೆ ಬೆರಳಿನಿಂದ ಸವರಿದರು. ಮೂರರ ಬದಲು ಒಂದೇ ಬೂದು ಬಣ್ಣದ ಕಾಲುಚೀಲ ಹಾಕಿಸಿ, "ಈಗ ಇಪ್ಪತ್ತ್ ಸುತ್ತ್ ನಡಿ" ಎಂದರು. ನಡೆದು ಬಂದು ಬೂಟು ಬಿಚ್ಚಿದಾಗ ಕಾಲುಚೀಲದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಕಾಲು ಉಜ್ಜಿದೆ ಎಂಬುದು ನೀಲಿಯಲ್ಲಿ ಬರೆದಿತ್ತು. ಟೇಪು ಹಿಡಿದರು. "ಒಂದೂವರೆ ಇಂಚ್ ಏಳ್ತಿತ್ತ್." ಬ್ಲೌಸಿನ ಅಳತೆ ಬರೆಯುವ ಪುಸ್ತಕದಲ್ಲಿ, ಎದೆ, ತೋಳು, ಸೊಂಟ ಎಂದು ಅಚ್ಚಾದ ಪುಟದ ಅಡಿಗೆ, "ಬೂಟು, ಹಿಮ್ಮಡಿ" ಎಂದು ಬರೆದುಕೊಂಡರು. ದಿನವೂ ಲ್ಯಾಬಿನಲ್ಲಿ ಮಿಲಿಲೀಟರ್ ಲೆಕ್ಕದಲ್ಲಿ ಕೆಲಸ ಮಾಡುವ ನಾನು ಆ ಮೂರು ತಿಂಗಳಲ್ಲಿ ಒಮ್ಮೆಯೂ ಈ ತೊಂದರೆಯನ್ನು ಅಳೆದಿರಲಿಲ್ಲ. ನಾಚಿಕೆಯಾಯಿತು.

ಅಂದು ಬ್ಲೌಸಿನೊಳಗೆ ಇಡುವ ಫೋಮನ್ನು ಕತ್ತರಿಸಿ, ಎರಡು ಸಣ್ಣ ಮೆತ್ತೆ ಹೊಲಿದು, ಹಿಮ್ಮಡಿಯ ಮೇಲಿನ ನರದ ಎರಡೂ ಪಕ್ಕಕ್ಕೆ ಬರುವ ಹಾಗೆ ಬೂಟಿನೊಳಗೆ ಅಂಟಿಸಿದರು. ಹಳದಿ ಅಂಟಿನ ವಾಸನೆ ಹಾಲ್ ತುಂಬ ತುಂಬಿತು. ರಘುರಾಮಣ್ಣ ಕಿಟಕಿ ತೆಗೆದರು, ಚಳಿ ನುಗ್ಗಿತು, ಯಾರೂ ಮುಚ್ಚಲಿಲ್ಲ. ಅಂಟು ಒಣಗುವವರೆಗೆ ಮೂವರೂ ಕಾಫಿ ಕುಡಿಯುತ್ತ ಕೂತೆವು. ಆಗ ಜಲಜಕ್ಕ ತಮ್ಮ ಮೊಣಕಾಲಿನ ವಿಷಯ ಹೇಳಿದರು.

ಈ ದೇಶಕ್ಕೆ ಬಂದ ಹೊಸದರಲ್ಲಿ ಅವರೂ ಪಾರ್ಕ್ ರಾಯಲ್‌ನ ಒಂದು ಗೋಡೌನಿನಲ್ಲಿ ಕೆಲಸಕ್ಕಿದ್ದರಂತೆ. ಕಾಲಿಗೆ ಉಕ್ಕಿನ ಮೂತಿಯ ಬೂಟು ಕಡ್ಡಾಯ. ಅಲ್ಲಿದ್ದದ್ದೆಲ್ಲ ಗಂಡಸರ ಸೈಜು. "ನಂಗೆ ಇಂಗ್ಲಿಷ್ ಬತ್ತಿರ್ಲಿಲ್ಲೆ. ದೊಡ್ಡದಾತ್ತ್ ಅಂತ ಹೇಳುಕೂ ಹೆದ್ರಿಕೆ. ಪೇಪರ್ ತುರ್ಕಂಡ್ ಹಾಕಂಡೆ. ಪೇಪರ್ ಎಷ್ಟ್ ತುರ್ಕಿದ್ರೂ ಹಿಮ್ಮಡಿ ಏಳುದ್ ಏಳುದೇ." ನಾಲ್ಕನೇ ತಿಂಗಳು ಮೆಟ್ಟಿಲಿಳಿಯುವಾಗ ಬೂಟು ಹಿಂದೆ ಉಳಿಯಿತು, ಕಾಲು ಮುಂದೆ ಹೋಯಿತು. ಮೊಣಕಾಲು ಆಮೇಲೆ ಸರಿಹೋಗಲಿಲ್ಲ. ಹೊಲಿಗೆಯಂತ್ರ ಬಂದದ್ದು ಹಾಗೆ.

"ಸೂಪರ್‌ವೈಸರ್ ಒಳ್ಳೆಯವ್ಳೇ," ಎಂದರು. "ಬಿದ್ದ್ ಮೇಲೆ ಅವ್ಳು ಕೇಳ್ದ್ಲ್, ಜಲಜಾ, ಯಾಕೆ ಮೊದ್ಲೇ ಹೇಳಲಿಲ್ಲ ಅಂತ." ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. "ಅದಕ್ಕೇ ನಿನ್ ಚೀಲ ಕಂಡ್ಕಂಡ್ ನಂಗೆ ಸಿಟ್ಟ್ ಬಂದದ್ದ್."

ಅವತ್ತಿನ ಅಂಟಿನ ವಾಸನೆಯೊಡನೆ ಆ ಮಾತು ನನ್ನಲ್ಲಿ ಉಳಿಯಿತು.

ಮೆತ್ತೆಯಿಂದ ಒಂದೂವರೆ ಇಂಚು ಒಂದಾಯಿತು. ಅಷ್ಟೇ. ಮತ್ತೆ ಇಡೀ ವಾರ ಅವರು ಬೂಟನ್ನು ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಅದನ್ನು ಪಟ್ಟಿಯಾಚೆ ಇಡುವುದು ಮರೆತೇಹೋದಂತಿತ್ತು. ಗುರುವಾರ ನಾನು ಕೆಲಸದಿಂದ ಬಂದಾಗ ಯಾರೋ ಒಬ್ಬರಿಗೆ ಬ್ಲೌಸ್ ತೊಡಿಸಿ ನೋಡುತ್ತಿದ್ದರು. ಬಾಯಲ್ಲಿ ಪಿನ್ನು. ನನ್ನನ್ನು ಕಂಡದ್ದೇ ಪಿನ್ನು ತೆಗೆದು ಕೂಗಿದರು.

"ಹೆಣೆ, ಇಲ್ಲಿ ಬಾ! ಇವರ ಹೆಗಲ್ ಕಾಣ್. ಜಾರ್ತಿತ್ತ್ ಅಲ್ದಾ? ಎಲ್ರೂ ಬಂದ್ ಹೇಳುದೆಂತ? ಹೆಗಲ್ ಜಾರ್ತಿತ್ತ್, ತೋಳ್ ಬಿಗಿ ಮಾಡಿ ಅಂತ. ತಪ್ಪ್ ತೋಳಲ್ಲಿ ಇಲ್ಲೆ. ಬೆನ್ನ್ ಅಗಲ ಆಯಿತ್ತ್, ಅದ್ಕೆ ಹೆಗಲ್ ಜಾರುದ್. ನಿನ್ ಬೂಟಿಗೂ ಹಾಂಗೇ. ಹಿಮ್ಮಡಿ ಏಳ್ತ್ ಅಂತ ನಾವ್ ಹಿಮ್ಮಡಿಗೇ ಮೆತ್ತೆ ಇಟ್ಟಿತ್. ಸಡ್ಲ ಇಪ್ಪುದ್ ಮುಂದೆ, ಕಾಲಿನ್ ಮೇಲ್ಬದಿಗೆ!"

ಬ್ಲೌಸ್ ತೊಟ್ಟು ನಿಂತಿದ್ದ ಹೆಂಗಸು ಏನೂ ಅರ್ಥವಾಗದೆ ತಮ್ಮ ಹೆಗಲು ನೋಡಿಕೊಂಡರು.

ಆ ಸಂಜೆ ಮತ್ತೆ ಬೆಡ್‌ಶೀಟು ಹಾಸಿದರು. ಚಳಿಗಾಲದ ಕೋಟಿನಿಂದ ಕತ್ತರಿಸಿದ ದಪ್ಪ ಉಣ್ಣೆಬಟ್ಟೆಯನ್ನು ಎರಡು ಪದರ ಹೊಲಿದು, ಬೂಟಿನ ನಾಲಿಗೆಯ ಒಳಬದಿಗೆ, ಪಾದದ ಮೇಲ್ಭಾಗಕ್ಕೆ ಒತ್ತುವ ಹಾಗೆ ಅಂಟಿಸಿದರು. ಒಳಗಿನ ಅಟ್ಟೆಯ ಕೆಳಗೆ ತೆಳುವಾದ ಕಾರ್ಕಿನ ಹಾಳೆ ಕತ್ತರಿಸಿ ಇಟ್ಟರು. ಮುಂದೆ ತುಂಬಿದ್ದರಿಂದ ಪಾದ ಹಿಂದಕ್ಕೆ ಸರಿದು ಹಿಮ್ಮಡಿ ತನ್ನ ಕುಳಿಯಲ್ಲಿ ಕೂತಿತು. ಹಾಕಿಕೊಂಡ ಮೇಲೆ ಲೇಸು ಎಳೆಯುವ ಮೊದಲು ಹಿಮ್ಮಡಿಯನ್ನು ಮೂರು ಸಲ ನೆಲಕ್ಕೆ ಕುಟ್ಟಿಸಿದರು. ಮೂರನೇ ಸಲಕ್ಕೆ ಕೆಳಗಿನ ಫ್ಲಾಟಿನವರು ತಮ್ಮ ಸೀಲಿಂಗಿಗೆ ಏನೋ ಬಡಿದರು. "ಅವ್ರಿಗೂ ಗೊತ್ತಾಯ್ತ್, ಸರಿ ಕೂತ್ಕಂತ್ ಅಂತ," ಎಂದರು ರಘುರಾಮಣ್ಣ.

ಲೇಸು ಕಟ್ಟುವುದನ್ನೂ ಜಲಜಕ್ಕನೇ ಬದಲಾಯಿಸಿದರು. ನಾನು ಕೆಳಗಿನಿಂದ ಮೇಲಿನವರೆಗೂ ಒಂದೇ ಬಿಗಿಯಲ್ಲಿ ಎಳೆಯುತ್ತಿದ್ದೆ. ಅವರು ಪಾದ ಮಡಚುವ ಜಾಗದಲ್ಲಿ ಲೇಸನ್ನು ಎರಡು ಸುತ್ತು ತಿರುಚಿ ಅಲ್ಲೇ ಗಂಟು ಹಾಕಿ ನಿಲ್ಲಿಸಿದರು. ಅದರ ಮೇಲೆ ಸ್ವಲ್ಪ ಸಡಿಲ. "ಲಂಗದ ಲಾಡಿ ಬಿಗಿ ಇದ್ರೆ ಸೀರೆ ನಿಲ್ಲುದ್. ಸೀರೆಯನ್ನೇ ಎ‌ಳ್ದೆಳ್ದ್ ಕಟ್ಟಿದ್ರೆ ಉಸ್ರ್ ಕಟ್ಟತ್ ಅಷ್ಟೇ."

ಚಾಕ್‌ಪೀಸಿನ ಪುಡಿ ಸವರಿ ಮತ್ತೆ ಇಪ್ಪತ್ತು ಸುತ್ತು ನಡೆದೆ. ಕಾಲುಚೀಲದ ಮೇಲೆ ನೀಲಿ ಗೆರೆ ನನ್ನ ಕಿರುಬೆರಳಿನ ಅಗಲವೂ ಇರಲಿಲ್ಲ. ಜಲಜಕ್ಕ ಟೇಪು ಹಿಡಿದು ನೋಡಿ, ಪುಸ್ತಕದಲ್ಲಿ ಹಳೆಯ ಅಂಕಿಯನ್ನು ಹೊಡೆದು ಹೊಸದನ್ನು ಬರೆದರು. ನಾನು "ಥ್ಯಾಂಕ್ಸ್ ಜಲಜಕ್ಕ" ಎಂದೆ.

"ಥ್ಯಾಂಕ್ಸ್ ಬಸ್ ಡ್ರೈವರಿಗ್ ಹೇಳ್, ಇಳಿಯುವಾಗ. ನಂಗ್ಯಾಕೆ?"

ಉಳಿದ ದಿನಗಳಲ್ಲಿ ಪ್ರತಿ ಸಂಜೆ ಆ ಬೆಡ್‌ಶೀಟಿನ ಮೇಲೆ ಅರ್ಧ ಗಂಟೆ ನಡೆದೆ. ಪಟ್ಟಿಯಿಂದ ಯಂತ್ರಕ್ಕೆ, ಯಂತ್ರದಿಂದ ಪಟ್ಟಿಗೆ. ಜಲಜಕ್ಕ ಹೊಲಿಯುತ್ತಿದ್ದರು, ನಾನು ನಡೆಯುತ್ತಿದ್ದೆ, ನಡುನಡುವೆ ಮಾತು. ಲ್ಯಾಬಿನ ವರದಿಯಲ್ಲಿ ಬರೆದದ್ದನ್ನು ನಾನು ಮೊದಲು ಹೇಳಿದ್ದು ಅಲ್ಲಿ. ನಡೆಯುತ್ತಿರುವಾಗ ಹೇಳುವುದು ಸುಲಭ, ಯಾರ ಮುಖವನ್ನೂ ನೋಡಬೇಕಿಲ್ಲ. ಅವರು ಯಂತ್ರ ನಿಲ್ಲಿಸದೆ, "ಗೊತ್ತಿಲ್ದೆ ಇದ್ದದ್ ಕೇಳುಕೆ ನಾಚ್ಕೆ ಎಂತಕ್ಕೆ? ನಾನ್ ಬೂಟ್ ಹೊಲ್ದ್ ಬಲ್ಲೆನಾ? ಮಾಡ್ಲಿಲ್ಯಾ?" ಎಂದರು. ಮರುದಿನ ಲ್ಯಾಬಿನಲ್ಲಿ, ಒಂದು ಸ್ಯಾಂಪಲ್ಲಿನ ಫಲಿತಾಂಶ ಯಾಕೋ ಸರಿಯಿಲ್ಲ ಎನಿಸಿದಾಗ, ತಿದ್ದದೆ ಎದ್ದು ಹೋಗಿ ಮೇಲಿನವರನ್ನು ಕೇಳಿದೆ. ಅವರು ಬಂದು ನೋಡಿದರು. ಅಷ್ಟೇ ಆದದ್ದು. ಅಷ್ಟು ಸುಲಭವೆಂದು ಯಾರೂ ಮೊದಲು ಹೇಳಿರಲಿಲ್ಲ.

ಫೆಬ್ರವರಿಯ ಮೊದಲ ಶನಿವಾರ ಮೋರಾಗ್ ಮೊದಲು ಬೂಟಿನೊಳಗೆ ಕೈಹಾಕಿ ನೋಡಿದರು. ನಾಲಿಗೆಗೆ ಅಂಟಿಸಿದ್ದ ಉಣ್ಣೆಬಟ್ಟೆಯ ಅಂಚಿನಲ್ಲಿ ಒಂದೇ ಅಳತೆಯ ಸಣ್ಣ ಹೊಲಿಗೆಗಳು. ಹೆಬ್ಬೆರಳಿನಿಂದ ಒಂದು ಸಲ ಸವರಿದರು. "ಹತ್ತು" ಎಂದರು. ಹತ್ತಿದೆ. ಮೂರು ಸಲ ತುದಿಯವರೆಗೆ. ಎಡಗಾಲು ಒದ್ದಾಗ ಹಲ್ಲು ಕಚ್ಚಿದ್ದು ಹಿಮ್ಮಡಿಗೆ ಗೊತ್ತಾಯಿತು, ಹಿಮ್ಮಡಿಯಿಂದ ಮಂಡಿಗೆ, ಅಲ್ಲಿಂದ ನನಗೆ. ಬೂಟೂ ನಾನೂ ಮತ್ತೆ ಒಂದೇ ಆಗಿದ್ದೆವು. ಇಳಿದು ಬಂದಾಗ ಮೋರಾಗ್ ಬೆಂಚಿನ ಮುಂದೆ ಮಂಡಿಯೂರಿ ಹಿಮ್ಮಡಿಯ ಹಿಂದೆ ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ.

"ಯಾರು ಮಾಡಿದ್ದು?"

"ನಾನಿರುವ ಮನೆಯವರು. ಬ್ಲೌಸ್ ಹೊಲಿಯುತ್ತಾರೆ."

ಅವರು ತಲೆಯಾಡಿಸಿದರು. "ಅವರಿಗೆ ಹೇಳು, ಬೆಟ್ಟದ ಮೇಲೆ ಹಗ್ಗದ ಇನ್ನೊಂದು ತುದಿಯಲ್ಲಿರುವುದು ನಾನು. ನನ್ನ ಪರವಾಗಿಯೂ ಕೃತಜ್ಞತೆ ಹೇಳು."

ಸ್ಕಾಟ್ಲೆಂಡಿನ ಬಗ್ಗೆ ಹೆಚ್ಚು ಬರೆಯಲಾರೆ. ಗಾಳಿ ಎಷ್ಟಿತ್ತೆಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಹಗ್ಗ ಎಳೆದು ಮಾತಾಡುತ್ತಿದ್ದೆವು. ಬೂದು ಹಿಮದ ಓಣಿಯೊಂದರಲ್ಲಿ ಮೋರಾಗ್ ಮುಂದೆ, ನಾನು ಹಿಂದೆ. ಮೇಲೆ ತಲುಪಿದಾಗ ಮೋಡ ಒಂದೆರಡು ನಿಮಿಷ ಸರಿದು, ಕೆಳಗೆ ಒಂದು ಕಪ್ಪು ಸರೋವರ ಕಂಡಿತು. ನಾನು ನನ್ನ ಕಾಲುಗಳ ಕಡೆಯೇ ನೋಡುತ್ತ ಕೂತಿದ್ದೆ. ವಾಪಸ್ ಬಂದಾಗ ಜಲಜಕ್ಕ ಕೇಳಿದ್ದು ಒಂದೇ ಪ್ರಶ್ನೆ, "ಚೀಲ ತೋರ್ಸ್ ಕಾಂಬ." ಕಾಲುಚೀಲ ತಿರುಗಿಸಿ ನೋಡಿದರು. ಕಲೆ ಇರಲಿಲ್ಲ. ಆ ರಾತ್ರಿಯ ಊಟಕ್ಕೆ ಬಂಗುಡೆ ಸಾರು ಮಾಡಿದ್ದರು. ನನಗೆ ಮೀನು ಆಗದೆಂದು ನೆನಪಾಗಿ, ತಲೆ ಚಚ್ಚಿಕೊಂಡು, ಮತ್ತೆ ಒಲೆ ಹಚ್ಚಿ ಬಸಳೆ ಸಾರು ಮಾಡಿದರು.

ಮುಂದಿನ ವರ್ಷ ಸಟನ್ನಿನ ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಆ ಮನೆ ಬಿಟ್ಟೆ. ಹೊರಡುವ ದಿನ ಜಲಜಕ್ಕ ಹಳದಿ ಹೂವಿನ ಬೆಡ್‌ಶೀಟನ್ನು ಮಡಿಸಿ ನನ್ನ ಚೀಲಕ್ಕೆ ತುರುಕಿದರು. "ಬೂಟ್ ತುಳ್ದ ಶೀಟ್ ನನ್ನ ಮನೆಯಂಗೆ ಬೇಡ," ಎಂದರು, ಮುಖ ಗಂಟಿಕ್ಕಿ.

ಹಳೆಯ ಬೂಟುಗಳ ಸೋಲ್ ಈ ವರ್ಷ ಬಿಟ್ಟುಕೊಂಡಿತು. ಸ್ಟೇಷನ್ ಪಕ್ಕದ ಅಂಟಿನ ವಾಸನೆ ಕುಡಿದ ಮರುವಾರ ಹೊಸದನ್ನು ಕೊಂಡೆ. ಮನೆಗೆ ತಂದು, ಕೋಣೆಯ ಕಿಟಕಿಯಿಂದ ಬಾಗಿಲಿನವರೆಗೆ ಆ ಬೆಡ್‌ಶೀಟು ಹಾಸಿದೆ. ಎಷ್ಟು ಒಗೆದರೂ ಒಂದು ಮೂಲೆಯಲ್ಲಿ ನೀಲಿ ಚಾಕ್‌ಪೀಸಿನ ಕಲೆ ಹೋಗಿಲ್ಲ. ಬೂಟು ಹಾಕಿ, ಹಿಮ್ಮಡಿ ಕುಟ್ಟಿ, ಪಾದ ಮಡಚುವ ಜಾಗದಲ್ಲಿ ಲೇಸಿಗೆ ಗಂಟು ಹಾಕಿ, ವೆಂಬ್ಲಿಗೆ ವಿಡಿಯೋ ಕಾಲ್ ಮಾಡಿದೆ. ಫೋನನ್ನು ನೆಲದ ಹತ್ತಿರ ನಿಲ್ಲಿಸಿ ನಡೆದೆ.

"ಮತ್ತೊಂದ್ ಸಲ ನಡಿ," ಎಂದರು ಜಲಜಕ್ಕ. ನಡೆದೆ. "ಏಳುದಿಲ್ಲೆ. ಸರಿ ಇತ್ತ್. ಇದಕ್ಕೆ ನನ್ ಕೆಲ್ಸ ಎಂತದೂ ಇಲ್ಲೆ ಅಲ್ದಾ," ಎಂದರು. ದನಿಯಲ್ಲಿ ಸಣ್ಣದೊಂದು ಬೇಸರ ಇತ್ತು.

"ಇದೆ ಜಲಜಕ್ಕ," ಎಂದೆ. "ಅಂಗಡಿಗೆ ಹೋಗುವಾಗ ನೀಲಿ ಚಾಕ್‌ಪೀಸು ತಗೊಂಡು ಹೋಗಿದ್ದೆ. ಏಳು ಜೋಡಿ ಬೂಟಿನ ಹಿಮ್ಮಡಿಗೆ ಹಚ್ಚಿ, ಅಂಗಡಿಯಲ್ಲೇ ಇಪ್ಪತ್ತಿಪ್ಪತ್ತು ಸುತ್ತು ನಡೆದು, ಇದನ್ನ ಆರಿಸಿದೆ."

"ಅಯ್ಯೋ ದೇವ್ರೇ! ಅಂಗಡಿಯವ್ರ್ ಬೈಲಿಲ್ಯಾ?"

"ಇಲ್ಲ. ಇದನ್ನೆಲ್ಲಿ ಕಲಿತಿರಿ ಅಂತ ಕೇಳಿದರು."

"ನೀ ಎಂತ ಅಂದೆ?"

"ನಮ್ಮ ಮನೇಲಿ ಹೇಳಿಕೊಟ್ಟಿದ್ದು ಅಂದೆ."

ಆ ಕಡೆ ಅಲ್ಲಿಯವರೆಗೆ ಕೇಳುತ್ತಿದ್ದ ಹೊಲಿಗೆಯಂತ್ರದ ಸದ್ದು ನಿಂತಿತ್ತು. ಫೋನನ್ನು ಬದಿಗಿಟ್ಟಿದ್ದರು; ಪರದೆಯ ಮೇಲೆ ಅವರ ಮುಖ ಕಾಣಲಿಲ್ಲ, ಮೇಲಿನ ಹಲಗೆ, ದೇವರು, ಅದರ ಕೆಳಗೆ ತೂಗುಹಾಕಿದ ಯಾರದೋ ಹಸಿರು ಬ್ಲೌಸ್ ಮಾತ್ರ ಕಂಡವು. ಹಿಂದಿನಿಂದ ರಘುರಾಮಣ್ಣ, "ಎಂತ ಆಯ್ತ್? ಫೋನ್ ಕಟ್ಟಾಯ್ತಾ?" ಎಂದರು.

"ಕಟ್ಟೂ ಇಲ್ಲೆ ಗಿಟ್ಟೂ ಇಲ್ಲೆ," ಎಂದಿತು ಜಲಜಕ್ಕನ ದನಿ. ಆಮೇಲೆ ನನ್ನ ಕಡೆಗೆ, "ಆಯ್ತಲೆ, ಇನ್ನ್ ಬೂಟ್ ಬಿಚ್ಚ್ ಹೆಣೆ. ಶೀಟ್ ಮಡ್ಸಿ ಇಡ್. ಹೊತ್ತಾಯ್ತ್, ಉಂಡ್ಯಾ?"